ಕೊನೆಯ ನುಡಿಯಲ್ಲಿ ಯಾರ ಹೆಸರು

ನೆಲೋಗಿಯ ವಿಜಯಶ್ರೀಯ ಮೊದಲ ಆಲ್ಬಮ್ ಜೇವರ್ಗಿಯಿಂದ ಅಫಜಲಪುರದವರೆಗೆ ಒಂದು ಟ್ರ್ಯಾಕ್ಟರಿನ ಸ್ಪೀಕರನ್ನೂ ಬಿಟ್ಟಿರಲಿಲ್ಲ. ಹಾಡಿದವಳು ಅವಳೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಕಡೆ ಡಿಜೆ ಹಾಡಿನ ಕೊನೆಯ ನುಡಿ ಹೆಸರುಗಳಿಗೇ ಮೀಸಲು. ಬರೆದವನು, ಅವನ ಊರು, ಸ್ಟುಡಿಯೋ ಮಾಲೀಕ, ಖರ್ಚು ಕೊಟ್ಟ ಪುಣ್ಯಾತ್ಮ, ಎಲ್ಲರನ್ನೂ ಹಾಡುವವಳೇ ರಾಗವಾಗಿ ಹೊಗಳಬೇಕು. ಅವಳ ಸರದಿ ಬರುವಷ್ಟರಲ್ಲಿ ಹಾಡೇ ಮುಗಿದಿರುತ್ತದೆ. ಒಂದು ಮದುವೆಯಲ್ಲಿ ಯಾರೋ ಹೆಂಗಸು, "ಛಲೋ ಹಾಡ್ತಿ ಬೇ, ಥೇಟ್ ಆ ಸಂತೋಷಣ್ಣನ ಹಾಡಿನ ಹುಡುಗಿಯಂಗ" ಎಂದು ಬೆನ್ನು ತಟ್ಟಿದಾಗ ವಿಜಯಶ್ರೀ ಅರ್ಧ ಊಟಕ್ಕೇ ಎದ್ದುಬಿಟ್ಟಳು.

ಆ ಸಂತೋಷಣ್ಣ, ಎಂದರೆ ಸ್ಟುಡಿಯೋ ಮಾಲೀಕ ಸಂತೋಷಕುಮಾರ, ಎರಡನೆಯ ಆಲ್ಬಮ್‌ಗೆ ಕರೆದಾಗ ಅವಳು ಒಂದೇ ಷರತ್ತು ಹಾಕಿದಳು.

"ಎಂಟು ಹಾಡಿನಾಗ ಒಂದರಾಗರ ನನ್ನ ಹೆಸರು ಬರಬೇಕ್ರಿ ಅಣ್ಣಾ."

"ಅಯ್ಯ, ಅದೇನ್ ದೊಡ್ಡ ಮಾತು ತಂಗಿ! ಎಂಟನೇದರಾಗ ಬರೇ ನಿಂದೇ ಹೆಸರು."

ಏಳು ಹಾಡು ಮುಗಿದವು. ಎಂಟನೆಯದರ ದಿನ ಸ್ಟುಡಿಯೋದಲ್ಲಿ, ಅಂದರೆ ಗೋಡೆಗೆ ಗಾದಿ ಬಡಿದ ಒಂದು ಕೋಣೆಯಲ್ಲಿ, ಗೊಬ್ಬರದಂಗಡಿಯ ದತ್ತಪ್ಪ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಆಲ್ಬಮ್‌ನ ಖರ್ಚು ಅವನದು. ಏಳು ಹಾಡಿನಲ್ಲಿ ಹೆಸರು ಬಂದಿತ್ತು. ಎಂಟನೆಯದರಲ್ಲಿ ದಾನಗುಣವೂ ಬರಲಿ ಎಂಬುದು ಅವನ ವಿನಯದ ಬೇಡಿಕೆ.

"ನಿನ್ನ ಹೆಸರು ಮೂರನೇ ಆಲ್ಬಮ್‌ದಾಗ ಗ್ಯಾರಂಟಿ ತಂಗಿ," ಎಂದ ಸಂತೋಷಕುಮಾರ. "ಈ ನುಡಿ ದತ್ತಣ್ಣಾರದು. ಮನಸಿಟ್ಟು ಹಾಡು."

ವಿಜಯಶ್ರೀಗೆ ಮೈಯೆಲ್ಲ ಉರಿಯಿತು. ಮನಸ್ಸಿಟ್ಟೇ ಹಾಡಿದಳು. ಸತ್ತವರ ಮುಂದೆ ಕೂತು ಹೆಂಗಸರು ಅವರ ಗುಣ ಹೇಳಿಕೊಂಡು ಹಾಡಿ ಅಳುತ್ತಾರಲ್ಲ, ಅದೇ ಧಾಟಿಯಲ್ಲಿ "ದಾನಕ್ಕ ದೊಡ್ಡವ ದತ್ತಣ್ಣಾ, ನಿನ್ನಂಥವ್ರು ಇನ್ಯಾರಣ್ಣಾ" ಎಂದು ಎಳೆದಳು. ಹೆಂಗಸರು ಹಾಗೆ ಅಳುವ ಹೊತ್ತಿನಲ್ಲಿ ಗಂಡಸರು ಅಂಗಳದಲ್ಲಿ ಬೀಡಿ ಸೇದುವವರೇ ಹೊರತು ಧಾಟಿಗೆ ಕಿವಿಗೊಟ್ಟವರಲ್ಲ. ದತ್ತಪ್ಪನಿಗೆ ಕೇಳಿಸಿದ್ದು ತನ್ನ ಹೆಸರೊಂದೇ. ಕಣ್ಣು ತುಂಬಿ ಬಂದು, "ಏನ್ ಹಾಡಿದಿ ಬೇ! ಇನ್ನೊಂದು ಸಲ ಹಚ್ಚು" ಎಂದ. ಸಂತೋಷಕುಮಾರ ಡಿಜೆ ಬಡಿತ ಕೂಡಿಸಿ ಮರುದಿನ ಬೆಳಿಗ್ಗೆ ಯೂಟ್ಯೂಬಿಗೆ ಬಿಟ್ಟ.

ಹೆಂಗಸರ ಕಿವಿಗೆ ಬಡಿತ ಅಡ್ಡ ಬರಲಿಲ್ಲ. ದತ್ತಪ್ಪನ ಅಕ್ಕ ಹೀರಾಬಾಯಿ, ಆಳಂದ ಕಡೆಯ ಕಿಣ್ಣಿ ಸುಲ್ತಾನದಲ್ಲಿ ಹಾಡು ಕೇಳಿದವಳೇ ಬಸ್ ಹತ್ತಿ, ಮಧ್ಯಾಹ್ನದ ಹೊತ್ತಿಗೆ "ಹೋದ್ಯೇನೋ ನಮ್ಮಪ್ಪಾ" ಎಂದು ಎದೆ ಬಡಿದುಕೊಳ್ಳುತ್ತ ಅಂಗಡಿಗೆ ಬಂದಳು. ಒಳಗೆ ತಮ್ಮ ರೊಟ್ಟಿ ಮುರಿಯುತ್ತಿದ್ದ. ರೊಕ್ಕ ಕೊಟ್ಟು ತನ್ನ ಹೆಣದ ಹಾಡು ಹಾಡಿಸಿಕೊಂಡ ದತ್ತಪ್ಪನನ್ನು ನೆನೆದು ಸಂಜೆಯೊಳಗೆ ಮೂರೂ ತಾಲೂಕು ಹೊಟ್ಟೆ ಹಿಡಿದುಕೊಂಡು ನಕ್ಕವು.

ದತ್ತಪ್ಪ ಬಂದು ಸಂತೋಷಕುಮಾರನ ಕೊರಳಪಟ್ಟಿ ಹಿಡಿದ. "ಇದು ಯಾರ ಕೆಲಸ ಅಂತ ಎಲ್ಲಾರಿಗೂ ಗೊತ್ತಾಗಬೇಕ್ ನೋಡ್ ಲೇ!"

ಐವತ್ತು ಸಾವಿರ ಜನ ನೋಡಿದ ಹಾಡನ್ನು ತೆಗೆಯಲು ಸಂತೋಷಕುಮಾರನಿಗೆ ಕೈ ಬರಲಿಲ್ಲ. ತಲೆ ಉಳಿಸಿಕೊಳ್ಳಲು ಹಾಡಿನ ಮೇಲೆಯೇ ದಪ್ಪ ಅಕ್ಷರದಲ್ಲಿ ಹಾಕಿದ: "ಈ ಧಾಟಿಗೂ ಸ್ಟುಡಿಯೋಕ್ಕೂ ಸಂಬಂಧವಿಲ್ಲ. ಹಾಡಿದವಳು ನೆಲೋಗಿಯ ವಿಜಯಶ್ರೀ. ಅವಳೊಬ್ಬಳೇ ಕಾರಣ."

ನೆಲೋಗಿಯಲ್ಲಿ ವಿಜಯಶ್ರೀ ಅದನ್ನು ಅವ್ವ ನಿಂಬೆವ್ವನಿಗೆ ಜೋರಾಗಿ ಓದಿ ಹೇಳಿದಳು.

"ಬೈದಾರೇನ ಬೇ?" ನಿಂಬೆವ್ವ ಗಾಬರಿಯಾದಳು.

"ಹೂಂ, ಬೈದಾರ," ಎಂದಳು ವಿಜಯಶ್ರೀ, ಮುಖ ಅರಳಿಸಿ. "ಹೆಸರು ಹಿಡಿದು ಬೈದಾರವ್ವಾ!"