ತ್ರಾನ್ಸಿತೊಳ ಬಟ್ಟೆಗಂಟು

ಈಸ್ಟರ್‌ಗೆ ಮುಂಚಿನ ಉಪವಾಸದ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ ಮಾರನೆಯ ದಿನವೇ ತ್ರಾನ್ಸಿತೊ ಪಾಚಿಯ ಮೇಲೆ ಕಾಲಿಟ್ಟು ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಇಗರ್ಜಿಯ ಎದುರಿನ ಊರತೊಟ್ಟಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬಟ್ಟೆ ಒಗೆದು ಬದುಕಿದ ಒಂಟಿ ಹೆಂಗಸು. ಅವಳ ಪಾಲಿಗೆ ಆ ಕೈಯೇ ಗಂಡ, ಆ ಕೈಯೇ ಮಗ.

ಐದು ವಾರ ನೀರು ಮುಟ್ಟಬೇಡ ಎಂದು ವೈದ್ಯರು ಪ್ಲಾಸ್ಟರ್ ಹಾಕಿದರು. ಅವಳಿಗೆ ನೋವಿಗಿಂತ ಗಿರಾಕಿ ದೊನ್ಯಾ ರೆಮೆದಿಯೊಸ್‌ರ ಚಿಂತೆ. ಅವರ ವಸತಿಗೃಹದ ಹಾಸುಬಟ್ಟೆಗಳಿಂದಲೇ ಅವಳ ಒಲೆ ಉರಿಯುತ್ತಿತ್ತು. ತಪಸ್ಸುಕಾಲದ ಮೆರವಣಿಗೆಗಳಿಗೆ ಗ್ವಾಟೆಮಾಲಾದ ಮೂಲೆಮೂಲೆಯಿಂದ ಜನ ಬಂದು ಕೋಣೆಗಳು ತುಂಬುವ ಹೊತ್ತು. ಒಂದು ವಾರ ತಪ್ಪಿದರೂ ಅವರು ಬೇರೆಯವರನ್ನು ಹಿಡಿಯುತ್ತಾರೆ.

ಶನಿವಾರ ಬೆಳಿಗ್ಗೆ ಎಡಗೈಯಲ್ಲಿ ಗಂಟು ಎಳೆದುಕೊಂಡು ತೊಟ್ಟಿಗೆ ಬಂದಳು. ಪಕ್ಕದ ಕಲ್ಲಿನಲ್ಲಿ ಒಗೆಯುವ ನಿಕೊಲಾಸಾ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಏನಕ್ಕಾ, ಇನ್ನೊಂದು ಕೈಯೂ ಮುರ್ಕೊಳ್ಳೋ ಆಸೇನಾ?"

"ನಿನ್ನ ಕೆಲ್ಸ ನೀನು ನೋಡ್ಕೊ."

"ಅದನ್ನೇ ನೋಡ್ತಿರೋದು. ಕೊಡಿಲ್ಲಿ," ಎಂದು ಗಂಟು ಕಿತ್ತುಕೊಂಡಳು.

ತ್ರಾನ್ಸಿತೊಗೆ ಅನುಮಾನ ಬಂತು. ಹೋದ ವರ್ಷ ಒಂದು ತುಂಡು ಸೋಪಿಗಾಗಿ ಕಿತ್ತಾಡಿ ಇಬ್ಬರೂ ಆರು ತಿಂಗಳು ಮಾತು ಬಿಟ್ಟಿದ್ದರು. ಒಗೆಯುವ ನೆಪದಲ್ಲಿ ಈ ಬಾಯಿಬಡಕಿ ಗಿರಾಕಿಯನ್ನೇ ಹಾರಿಸಿಕೊಂಡು ಹೋದರೆ? ಆದರೆ ಬೇಡವೆನ್ನುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಅಂದಿನಿಂದ ನಿಕೊಲಾಸಾ ತನ್ನ ಬಟ್ಟೆ ಮುಗಿಸಿ, ಮಧ್ಯಾಹ್ನ ಉಳಿದವರೆಲ್ಲ ನೆರಳಿನಲ್ಲಿ ಕಾಲು ಚಾಚಿದಾಗ, ತ್ರಾನ್ಸಿತೊಳ ಗಂಟು ಬಿಚ್ಚುತ್ತಿದ್ದಳು. ಜಕರಾಂಡ ಮರದಿಂದ ನೇರಳೆ ಹೂ ಉದುರಿ ಬಿಳಿ ಬಟ್ಟೆಗೆ ಕಲೆ ಮಾಡುತ್ತಿತ್ತು. ಅದನ್ನು ಎರಡೆರಡು ಸಲ ಉಜ್ಜುವಳು. ಒಣಗಿದ್ದನ್ನು ತ್ರಾನ್ಸಿತೊ ತಲೆಯ ಮೇಲೆ ಹೊತ್ತು ಕೊಟ್ಟು ಬರುವಳು. ಕೂಲಿಯಲ್ಲಿ ಪಾಲು ಕೊಡಹೋದರೆ ನಿಕೊಲಾಸಾ ಬೈದು ಕಳಿಸುವಳು.

ಅದೇ ತೊಟ್ಟಿಯಲ್ಲಿ ಒಗೆಯುವ ಮಡಿವಂತೆ ಎದುವಿಹೆಸ್ ನಿಕೊಲಾಸಾಳನ್ನು ಕೆಣಕದೆ ಬಿಡಲಿಲ್ಲ. "ಬೂದಿ ಹಚ್ಚಿಸ್ಕೊಳ್ಳೋಕೂ ಬರ್ಲಿಲ್ಲ, ಶಿಲುಬೆ ಹಾದಿ ಪ್ರಾರ್ಥನೆಗೂ ಬರಲ್ಲ. ಯಾವ ಸೀಮೆ ತಪಸ್ಸುಕಾಲವೇ ನಿಂದು?"

"ಸ್ವರ್ಗದ ಬಾಗಿಲಲ್ಲಿ ನೀನೇ ಕಾವಲಿರ್ತೀಯಲ್ಲ, ಅಲ್ಲಿ ಹೇಳ್ತೀನಿ. ಈಗ ಆ ಬಕೆಟ್ ಇತ್ತ ತಳ್ಳು."

ನಾಲ್ಕನೆಯ ವಾರ ದೊನ್ಯಾ ರೆಮೆದಿಯೊಸ್ ತೊಟ್ಟಿಯ ಬಳಿ ಬಂದರು. ತ್ರಾನ್ಸಿತೊ ಅವರ ಕಣ್ಣಿಗೆ ಬೀಳದೆ ಒಣಹಾಕಿದ ಬಟ್ಟೆಯ ಹಿಂದೆ ನಿಂತಿದ್ದಳು.

"ನನ್ನ ಮನೆ ಹಾಸುಬಟ್ಟೆ ಒಗೀತಿರೋದು ನೀನಾ ನಿಕೊಲಾಸಾ? ಎಷ್ಟು ಬೆಳ್ಳಗಿದೆ! ಇನ್ಮೇಲೆ ಈ ಕೆಲ್ಸ ನಿಂದೇ ಅಂದ್ಕೊ."

ತ್ರಾನ್ಸಿತೊ ಬಟ್ಟೆಯ ಅಂಚು ಸರಿಸಿ ಇಣುಕಿದಳು.

"ಕಲೆಗೆ ನಿಂಬೆರಸ ಹಚ್ಚೋ ಉಪಾಯ ಅವಳದ್ದು ಅಮ್ಮಾ, ನಂದು ಬರೀ ರಟ್ಟೆ. ಅವಳ ಕೈ ಸರಿಹೋಗ್ಲಿ, ಅವಳೇ ಒಗೀತಾಳೆ."

"ಯೋಚ್ನೆ ಮಾಡು. ನಿಂಗೂ ಮೂರು ಮಕ್ಕಳಿವೆ."

"ಆ ಮಕ್ಕಳು ನನ್ನ ನೋಡ್ತಾ ಇರ್ತಾವಲ್ಲ ಅಮ್ಮಾ, ಅದಕ್ಕೇ ಬೇಡ."

ದೊನ್ಯಾ ಕಲ್ಲಿನ ಮೇಲಿದ್ದ ಹಾಸುಬಟ್ಟೆಯನ್ನು ಮುಟ್ಟಿ ನೋಡಿದರು. ಆಮೇಲೆ, "ತ್ರಾನ್ಸಿತೊಗೆ ಹೇಳು, ಗರಿಗಳ ಭಾನುವಾರದ ಮೆರವಣಿಗೆ ಹೊತ್ತಿಗೆ ಎಲ್ಲಾ ಕೋಣೆಗೂ ಬಟ್ಟೆ ಬೇಕು ಅಂತ," ಎಂದು ಹೊರಟರು.

ತ್ರಾನ್ಸಿತೊ ಒದ್ದೆ ಬಟ್ಟೆಗೇ ಮುಖ ಒರೆಸಿಕೊಂಡು ಈಚೆ ಬಂದಳು. "ನಿನ್ನ ಮೇಲೆ ಅನುಮಾನ ಪಟ್ಟಿದ್ದೆ ಕಣೇ."

"ನಂಗೊತ್ತಿಲ್ವಾ? ದಿನಾ ಬಟ್ಟೆ ಎಣಿಸ್ಕೊಂಡು ಹೋಗ್ತಿದ್ಯಲ್ಲ!" ನಿಕೊಲಾಸಾ ಗೊಳ್ಳೆಂದು ನಕ್ಕಳು.

"ನಂಗೋಸ್ಕರ ಯಾಕೆ ಇಷ್ಟೆಲ್ಲ?"

ನಿಕೊಲಾಸಾ ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ. "ಕರ್ತರು ಶಿಲುಬೆ ಹೊತ್ತು ಕುಸೀತಿದ್ದಾಗ ಒಬ್ಬ ಹೆಗಲು ಕೊಟ್ಟನಲ್ಲ, ಅವನೇನು ಉಪವಾಸ ಮಾಡಿ ಬಂದವನಾ? ಹೊಲದಿಂದ ಮನೆಗೆ ಹೋಗ್ತಿದ್ದ. ದಾರೀಲಿ ಸಿಕ್ಕಿಬಿದ್ದ. ನಾನೂ ಹಂಗೇ."

ಪ್ಲಾಸ್ಟರ್ ತೆಗೆದಾಗ ತ್ರಾನ್ಸಿತೊಳ ಕೈ ಕಡ್ಡಿಯಂತಾಗಿತ್ತು. ಉಜ್ಜಲು ಬಂದರೂ ಹಿಂಡಲು ಬಲ ಸಾಲದು. ಪವಿತ್ರ ವಾರದ ಬಟ್ಟೆರಾಶಿಯ ಮುಂದೆ ಅವಳು ನಿಂತಿದ್ದಾಗ ಎದುವಿಹೆಸ್ ತೋಳೇರಿಸಿಕೊಂಡು ಬಂದು, ಯಾರ ಮುಖವನ್ನೂ ನೋಡದೆ, ಹಾಸುಬಟ್ಟೆಯ ಇನ್ನೊಂದು ತುದಿ ಹಿಡಿದಳು. "ತಿರುಚು, ಏನ್ ನೋಡ್ತಿದೀಯ?" ಎಂದಳು.

ಈಸ್ಟರ್ ಪೂಜೆಗೆ ಮೂವರೂ ಒಂದೇ ಬೆಂಚಿನಲ್ಲಿ ಕೂತರು. ಗುರುಗಳ ಪ್ರವಚನ ಶುರುವಾಗುತ್ತಲೇ ನಿಕೊಲಾಸಾ ತ್ರಾನ್ಸಿತೊಳ ಭುಜಕ್ಕೆ ಒರಗಿ ಗೊರಕೆ ಹೊಡೆಯತೊಡಗಿದಳು. ಎಬ್ಬಿಸೆಂದು ಎದುವಿಹೆಸ್ ಸನ್ನೆ ಮಾಡಿದಳು. ತ್ರಾನ್ಸಿತೊ ಬೇಡವೆಂದು ತಲೆಯಾಡಿಸಿ, ಆ ಭುಜ ಅಲುಗದಂತೆ ಕೊನೆಯವರೆಗೂ ನೆಟ್ಟಗೆ ಕೂತಿದ್ದಳು.