ಪಾವು ಹಾಸಿದ ಬೀದಿ

ಶವದ ವ್ಯಾನಿನ ಹಿಂಬಾಗಿಲು ತೆರೆದು ರಾಜಕುಮಾರ್ ತನ್ನ ತಾಯಿ ಲಕ್ಷ್ಮಕ್ಕನ ಚಟ್ಟದ ಬಿದಿರಿಗೆ ಕೈ ಹಾಕಿದ್ದನ್ನು ಕಂಡು ಡ್ರೈವರ್ ಇಳಂಗೋ ಇಳಿದು ಓಡಿ ಬಂದ.

"ಅಣ್ಣಾ, ಇಲ್ಯಾಕೆ ಇಳಿಸ್ತೀರಿ? ಬೈಪಾಸ್ ಮೇಲೆ ಓದ್ರೆ ಸುಡುಗಾಡು ಇಲ್ಲೇ ಐತೆ."

"ಅಮ್ಮ ಹಳೇಪೇಟೆ ಬೀದಿ ಮೇಲೇ ತಕ್ಕೊಂಡೋಗಿ ಅಂದಿದ್ಲು."

"ಅದು ಒನ್ ವೇ. ವಂಡಿ ಉಳ್ಳೆ ಪೋಗ ಮುಡಿಯಾದು, ಗಾಡಿ ಒಳಗೆ ಓಗಂಗಿಲ್ಲ."

"ಗೊತ್ತೈತೆ. ನಾವು ಒತ್ಕೊಂಡೋಗ್ತೀವಿ. ನೀನು ಆ ಕಡೆ ಓಗಿ ನಿಂತ್ಕ."

ಬಿದಿರಿನ ಒಂದು ತುದಿಗೆ ರಾಜಕುಮಾರ್, ಇನ್ನೊಂದಕ್ಕೆ ತಂಗಿಯ ಗಂಡ ಸತೀಶ್‌ಕುಮಾರ್, ಮೂರನೆಯದಕ್ಕೆ ಹೊಸ ಕಾಲನಿಯ ಪಕ್ಕದ ಮನೆಯ ಮುರುಗೇಶನ್. ನಾಲ್ಕನೆಯ ಹೆಗಲಿಗೆ ಜನ ಇರಲಿಲ್ಲ. ಹಳೇಪೇಟೆಯ ನೇಕಾರರಲ್ಲಿ ಕೆಲವರು ಸೇಲಂ ಸೇರಿದ್ದರು, ಕೆಲವರು ಶಂಕಗಿರಿಯ ಲಾರಿ ಶೆಡ್ಡುಗಳಲ್ಲಿದ್ದರು. ಸುದ್ದಿ ತಲುಪಿದರೂ ಕೆಲಸ ಬಿಟ್ಟು ಬರುವುದು ಸುಲಭವಿರಲಿಲ್ಲ. ಗುಂಪಿನ ಹಿಂದಿನಿಂದ ಕುಪ್ಪಸ್ವಾಮಿ ಮುಂದೆ ಬಂದು ಟವೆಲ್ಲನ್ನು ಮಡಿಸಿ ಹೆಗಲಿಗಿಟ್ಟುಕೊಂಡರು. ಹಳೇಪೇಟೆಯಲ್ಲಿ ಲಕ್ಷ್ಮಕ್ಕನ ಮನೆಗೆ ಅಂಟಿದ್ದ ಗೋಡೆ ಅವರದಾಗಿತ್ತು. ವಯಸ್ಸು ಎಪ್ಪತ್ತು ದಾಟಿತ್ತು.

"ಮಾವ, ನಿಮ್ಗೆ ಆಗಲ್ಲ," ಎಂದಳು ಲಕ್ಷ್ಮಕ್ಕನ ಮಗಳು ಶಶಿರೇಖಾ.

"ಆಗ್ತೈತೆ ಬಿಡಮ್ಮಾ."

ಅವಳು ಅವರ ಮುಖ ನೋಡಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

*

ಲಕ್ಷ್ಮಕ್ಕ ನಂಗವಳ್ಳಿಯಿಂದ ಸೊಸೆಯಾಗಿ ಬಂದಾಗ ಆ ಬೀದಿಯಲ್ಲಿ ಮಗ್ಗವಿಲ್ಲದ ಮನೆ ಇರಲಿಲ್ಲ. ಮಗ್ಗದ ಕೆಳಗಿನ ಕುಣಿಯೊಳಗೆ ಕಾಲಿಟ್ಟು ನೇಯುವುದು ಮನೆಯೊಳಗಿನ ಕೆಲಸ, ಪಾವು ಹಾಸುವುದು ಬೀದಿಯ ಕೆಲಸ. ಸೀರೆಯ ಉದ್ದದ ಎಳೆಗಳನ್ನೆಲ್ಲ ಬೆಳಗಿನ ಜಾವ ಬೀದಿಯ ಈ ತುದಿಯಿಂದ ಆ ತುದಿಗೆ ಬಿಗಿದು, ಗಂಜಿ ಬಳಿದು, ಕುಂಚದಿಂದ ತೀಡಿ, ಬಿಸಿಲೇರುವ ಮೊದಲು ಒಣಗಿಸಬೇಕು. ಅದಕ್ಕೆ ಒಂದು ಮನೆಯ ಜನ ಸಾಲದು. ಅವಳ ಪಾವಿಗೆ ಕುಪ್ಪಸ್ವಾಮಿ ಬರುತ್ತಿದ್ದರು, ಅವರ ಪಾವಿಗೆ ಅವಳು. ಕಡಿದ ಎಳೆಯನ್ನು ಬೆರಳಲ್ಲೇ ತಡಕಿ ಗಂಟು ಹಾಕುವುದನ್ನು ಹೊಸ ಸೊಸೆಗೆ ಕಲಿಸಿದವರೂ ಅವರೇ.

ಊರಿನ ಹೊಸ ನಕ್ಷೆ ಬಂದಾಗ ಅಧಿಕಾರಿಗಳು ಎಲ್ಲರನ್ನೂ ಮದುವೆ ಮಂಟಪಕ್ಕೆ ಕರೆದು ಗೋಡೆಯ ಮೇಲೆ ತೂಗುಹಾಕಿ ತೋರಿಸಿದರು. ಹಳೇಪೇಟೆಗೆ ನೀಲಿ ಬಣ್ಣ ಬಳಿದಿತ್ತು. ನೀಲಿ ಅಂದರೆ ಅಂಗಡಿಗಳು, ಅಗಲ ರಸ್ತೆ.

"ಪಾವು ಎಲ್ಲಿ ಹಾಸೋದು ಸಾರ್?" ಲಕ್ಷ್ಮಕ್ಕ ಎದ್ದು ಕೇಳಿದಳು.

ಅಧಿಕಾರಿ ಸಿಡುಕಲಿಲ್ಲ. ಮಗ್ಗ ಕೈಗಾರಿಕೆಯ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ ಬೈಪಾಸಿನ ಆಚೆ ಬೇರೆ ಜಾಗ ಗುರುತಿಸಿದೆ ಎಂದು ಕಡ್ಡಿಯಿಂದ ತೋರಿಸಿದ. ಅಲ್ಲಿ ಆಗಿನ್ನೂ ಬರೀ ಕಲ್ಲು, ಜಾಲಿ.

ಅವಳು ಕುಪ್ಪಸ್ವಾಮಿಯ ಕಡೆ ತಿರುಗಿದಳು. ಅವರು ಎದ್ದು, "ನಮ್ ಮಕ್ಳು ಕುಣೀಗ್ ಇಳಿಯಾಕಿಲ್ಲ ಸಾರ್. ರೋಡ್ ಬರ್ಲಿ," ಎಂದು ಕೂತರು. ಮಂಟಪದಲ್ಲಿ ಬಹಳ ಜನ ತಲೆಯಾಡಿಸಿದರು. ಅವರು ಸುಳ್ಳನ್ನೇನೂ ಹೇಳಿರಲಿಲ್ಲ.

*

ಬೀದಿಯ ಬಾಯಲ್ಲೇ ಪೊಲೀಸಿನವನು ಕೈ ಅಡ್ಡ ಹಿಡಿದ. ಎದುರಿನಿಂದ ಬರುವ ಗಾಡಿಗಳಿಗೆ ತೊಂದರೆಯಾಗದ ಹಾಗೆ ಅಂಚಿನಲ್ಲೇ ಹೋಗಬೇಕು, ತಮಟೆ ಬೇಡ ಎಂದ. ಅಂಚಿನ ತುಂಬ ಬೈಕುಗಳು ನಿಂತಿದ್ದವು. ಚಟ್ಟವನ್ನು ಓರೆ ಮಾಡಿಕೊಂಡು ನಡೆದರು.

"ಮನೆ ಇದ್ದಲ್ಲಿ ಒಂದ್ ಗಳಿಗೆ ಇಳಿಸ್ಬೇಕು," ಎಂದಳು ಶಶಿರೇಖಾ. "ಅದ್ಕೇ ಅಮ್ಮ ಈ ಬೀದಿ ಕೇಳಿದ್ದು."

ಬಟ್ಟೆ ಅಂಗಡಿಯ ಗಾಜಿನ ಮುಂದೆ ರಾಜಕುಮಾರ್ ನಿಂತ. "ಇಲ್ಲೇ ಅಲ್ವಾ?"

"ಇಲ್ಲ, ಮುಂದೆ," ಎಂದರು ಕುಪ್ಪಸ್ವಾಮಿ. "ಆ ಎಟಿಎಂ ಐತಲ್ಲ, ಅಲ್ಲಿ."

"ಅದು ನಿಮ್ಮನೆ ಮಾವ. ನಮ್ದು ಬೇವಿನ ಮರದ ಈ ಕಡೆ."

"ಮರ ಎಲ್ಲಿತ್ತು?"

ರಾಜಕುಮಾರ್ ರಸ್ತೆಯ ನಡುವಿನ ಕಂಬದತ್ತ ನೋಡಿದ, ಆಮೇಲೆ ಅಂಗಡಿಯ ಮೆಟ್ಟಿಲತ್ತ. ಎರಡೂ ಕಡೆ ಗುರುತು ಸಿಗಲಿಲ್ಲ. ಅವನು ಹುಟ್ಟಿದ್ದು ಇಲ್ಲೇ.

ಅಂಗಡಿಯ ಕಾವಲುಗಾರ ಟೋಪಿ ತೆಗೆದು ಹತ್ತಿರ ಬಂದ. "ಇಂಗ ಎರಕ್ಕಾದೀಂಗ ಅಣ್ಣಾ. ಇಳಿಸ್ಬೇಡಿ. ಸೂಪರ್‌ವೈಸರ್ ನೋಡ್ತಾವ್ರೆ."

"ಇಲ್ಲಿ ಇವಳ ಮನೆ ಇತ್ತಪ್ಪಾ," ಎಂದರು ಕುಪ್ಪಸ್ವಾಮಿ.

"ತೆರಿಯಾದುಣ್ಣಾ," ಎಂದ ಅವನು. ನಿಜವಾಗಿಯೂ ಗೊತ್ತಿಲ್ಲದವನ ದನಿ.

*

ಒನ್ ವೇ ಬಂದ ಮೊದಲ ವಾರ ಲಕ್ಷ್ಮಕ್ಕ ಜಾವದಲ್ಲೇ ಎದ್ದು ಪಾವು ಬಿಗಿದಿದ್ದಳು. ಗಂಡ ರಾಜಗೋಪಾಲ್ ಹಾಸಿಗೆ ಹಿಡಿದಿದ್ದ. ಮೊದಲು ಬಂದ ಲಾರಿಯವನು ಎಂಜಿನ್ ಆರಿಸಿ, ಇಳಿದು ಬೀಡಿ ಹಚ್ಚಿ ಕಾದ. ಅವನ ಹಿಂದೆ ಬಸ್ಸು ನಿಂತಿತು, ಬಸ್ಸಿನ ಹಿಂದೆ ಇನ್ನಷ್ಟು. ಪೊಲೀಸರು ಬಂದರು.

"ಗಂಜಿ ಹಸಿ ಐತೆ, ಕೊಂಜ ಒಣಗ್ಲಿ," ಎಂದಳು ಅವಳು.

ಬಸ್ಸಿನವರು ಕೂಗಾಡುತ್ತಿದ್ದರು. ಆ ತುದಿಯಲ್ಲಿ ಕೈ ಕೊಡಲು ಬಂದಿದ್ದ ಕುಪ್ಪಸ್ವಾಮಿ ಸುತ್ತ ನೋಡಿ, ಬಗ್ಗಿ ಹಗ್ಗದ ಗಂಟು ಬಿಚ್ಚಿದರು. ಎಳೆಗಳೆಲ್ಲ ಒಮ್ಮೆಗೇ ಮಣ್ಣಿಗೆ ಬಿದ್ದು ಒಂದಕ್ಕೊಂದು ಅಂಟಿಕೊಂಡವು.

ಸಂಜೆಯವರೆಗೂ ಲಕ್ಷ್ಮಕ್ಕ ಜಗುಲಿಯ ಮೇಲೆ ಕೂತು ಅವನ್ನು ಬಿಡಿಸುತ್ತಿದ್ದಳು. ಬಿಡಿಸಿದಷ್ಟೂ ಕಡಿದವು. ಮರುದಿನ ಕುಪ್ಪಸ್ವಾಮಿ ಎದುರಾದಾಗ, "ಊಟ ಆಯ್ತಾ ಅಣ್ಣಾ?" ಎಂದು ಎಂದಿನಂತೆ ಕೇಳಿದಳು. ಆಮೇಲಿನ ವರ್ಷಗಳಲ್ಲೂ ಅಷ್ಟೇ ಕೇಳುತ್ತಿದ್ದಳು. ಪಾವಿಗೆ ಮಾತ್ರ ಯಾರನ್ನೂ ಕರೆಯಲಿಲ್ಲ. ಮಗ್ಗ ಬಿಚ್ಚಿ ಕುಣಿಗೆ ಮಣ್ಣು ತುಂಬಿಸಿದಳು. ಮನೆಯ ಮುಂಭಾಗವನ್ನು ರಸ್ತೆ ತಿಂದಿತು. ಉಳಿದದ್ದನ್ನು ಮಾರಿ ಹೊಸ ಕಾಲನಿ ಸೇರಿದರು. ರಾಜಗೋಪಾಲ್ ಅಲ್ಲೇ ತೀರಿಕೊಂಡ.

*

ಕುಪ್ಪಸ್ವಾಮಿಯ ಹೆಗಲಿನಿಂದ ಬಿದಿರು ಜಾರತೊಡಗಿತು. ಚಟ್ಟ ಒಂದು ಕಡೆಗೆ ವಾಲಿತು.

"ಮಾವ, ಬಿಡಿ. ಸಾಕು."

"ಅವಳು ಬೈದಿದ್ರೆ ಆಗಿತ್ತಮ್ಮಾ," ಎಂದರು ಅವರು, ಶಶಿರೇಖಾಳಿಗಷ್ಟೇ ಕೇಳುವ ಹಾಗೆ. "ಒಂದ್ ಸಲ ಬೈದಿದ್ರೆ."

ಶಶಿರೇಖಾ ಅವರ ಪಕ್ಕಕ್ಕೆ ಬಂದಳು. ಬಿದಿರಿನ ತುದಿಗೆ ತಾನೂ ಕೈ ಕೊಟ್ಟಳು. ಎದುರಿನಿಂದ ವ್ಯಾನೊಂದು ಹಾರ್ನ್ ಹೊಡೆಯಿತು.

"ನಡೀರಿ," ಎಂದ ರಾಜಕುಮಾರ್. ಎಲ್ಲಿಯೂ ಇಳಿಸದೆ ನಡೆದರು.

ಬೀದಿಯ ಕೊನೆಗೆ ಹೆಂಗಸರು ನಿಲ್ಲಬೇಕು. ಅಲ್ಲಿ ಕಾದಿದ್ದ ಇಳಂಗೋ ಚಟ್ಟವನ್ನು ಒಳಗೆ ತೆಗೆದುಕೊಂಡ. ಗಂಡಸರು ಹತ್ತಿದರು, ವ್ಯಾನು ಹೊರಟಿತು. ಶಶಿರೇಖಾ ತಿರುಗಿ ನೋಡಿದಳು. ದಾರಿಯುದ್ದಕ್ಕೂ ಎರಚಿದ್ದ ಚೆಂಡುಹೂವು ನೆಲಕ್ಕೆ ಬಿದ್ದಿದ್ದೇ ಕಡಿಮೆ, ಎಲ್ಲ ಬೈಕುಗಳ ಸೀಟಿನ ಮೇಲಿತ್ತು. ಬಟ್ಟೆ ಅಂಗಡಿಯಿಂದ ಬಂದವನೊಬ್ಬ ಕೈಯಲ್ಲಿದ್ದ ಹೊಸ ಸೀರೆಯ ಚೀಲದಿಂದಲೇ ಹೂವನ್ನು ಕೊಡವಿ, ಸೀಟಿಗೆ ಹತ್ತಿ ಗಾಡಿ ಸ್ಟಾರ್ಟ್ ಮಾಡಿದ.