ಗುಬ್ಬಕ್ಕ ಎಂದು ಕರೆದವರು

ಸಮಾಜಸೇವೆಯ ಕೋರ್ಸಿಗೆ ಸೇರಿದ ಇಪ್ಪತ್ತೆರಡು ಮಂದಿಯಲ್ಲಿ ಬಿಳಿಗೂದಲು ಇಣುಕುತ್ತಿದ್ದದ್ದು ಅವಳೊಬ್ಬಳಿಗೇ. ಹದಿನೈದು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದು, ಮೂವತ್ತೆಂಟಕ್ಕೆ ಕಾಲೇಜಿನ ಮೆಟ್ಟಿಲು ಹತ್ತಿದವಳು. ಜೊತೆಯ ಹುಡುಗಿಯರು ದೊಡ್ಡಕ್ಕ ಎಂದು ಹೆಸರಿಟ್ಟಿದ್ದರು. "ಈ ವಯಸ್ಸಲ್ಲಿ ಹೋಂವರ್ಕ್ ಬೇಕಿತ್ತಾ ದೊಡ್ಡಕ್ಕ?" ಎಂದು ಕಾಲೆಳೆದರೆ, "ಅಮ್ಮ ತಮ್ಮನ ಮನೇಲಿದ್ದಾಳೆ, ಬಯ್ಯೋರಿಲ್ಲದೆ ಬೇಜಾರಾಗಿತ್ತು" ಎನ್ನುತ್ತಿದ್ದಳು.

ಎರಡನೇ ವರ್ಷ ಪ್ರತಿಯೊಬ್ಬರಿಗೂ ಒಂಟಿಯಾಗಿ ಬದುಕುವ ಒಬ್ಬೊಬ್ಬರ ವಿಳಾಸ ಸಿಕ್ಕಿತು. ವಾರಕ್ಕೊಮ್ಮೆ ಹೋಗಿ, ಒಂದು ಗಂಟೆ ಕೂತು, ಅಲ್ಲಿ ಆಡಿದ ಮಾತನ್ನೆಲ್ಲ ಚಾಚೂ ತಪ್ಪದೆ ಬರೆದು ಮೇಡಂಗೆ ತೋರಿಸಬೇಕು. "ನಿಮ್ಮ ಮನೆ ಕಥೆ ಅಲ್ಲಿ ಬಿಚ್ಚಬೇಡಿ. ಹೋಗೋದು ಕೇಳೋಕೆ" ಎಂದು ಮೇಡಂ ಮೊದಲೇ ಕಟ್ಟಪ್ಪಣೆ ಮಾಡಿದ್ದರು.

ದೊಡ್ಡಕ್ಕನ ಪಾಲಿಗೆ ಬಂದವರು ಮೂರನೇ ಮಹಡಿಯ ಒಬ್ಬ ಅಜ್ಜಿ. ಹಿಂದೆ ಮುಂದೆ ಯಾರೂ ಇಲ್ಲದವರು. ಒಂದು ಕೋಣೆ, ಕಿಟಕಿಯ ಬಳಿ ಬೆತ್ತದ ಕುರ್ಚಿ, ಒಳಗೊಂದು ಪುಟ್ಟ ಅಡುಗೆಮನೆ. ಮೊದಲ ಮೂರು ವಾರ ಮಂಡಿನೋವು, ಕೆಟ್ಟ ಲಿಫ್ಟು, ಎದುರುಮನೆಯವರ ಜಗಳ ಇಷ್ಟೇ ಮಾತು. ನಾಲ್ಕನೇ ವಾರ, ಮಟಮಟ ಮಧ್ಯಾಹ್ನ, ಅಜ್ಜಿ ಮಾತಿನ ನಡುವೆ ತಟ್ಟನೆ ನಿಂತರು. ಕತ್ತು ಒಂದು ಪಕ್ಕಕ್ಕೆ ವಾಲಿತು. ಬಾಯಿಂದ ಬಂದದ್ದು ಏಳು ವರ್ಷದ ಮಗುವಿನ ದನಿ.

"ಗುಬ್ಬಕ್ಕ, ನೀರು ಕೊಡೇ."

ದೊಡ್ಡಕ್ಕ ಬಾಗಿಲ ಕಡೆ ತಿರುಗಿ ನೋಡಿದಳು. ಆ ಹೆಸರಿನಿಂದ ಅವಳನ್ನು ಕರೆಯುತ್ತಿದ್ದದ್ದು ಜಗತ್ತಿನಲ್ಲಿ ಒಬ್ಬಳೇ: ತಂಗಿ. ಅವಳು ತೀರಿಹೋಗಿ ಇಪ್ಪತ್ತೊಂಬತ್ತು ವರ್ಷ. ಆ ದಿನ ಅಮ್ಮ ಕೆಲಸಕ್ಕೆ ಹೊರಡುವಾಗ, ಜ್ವರದಲ್ಲಿ ಮಲಗಿದ್ದ ತಂಗಿಯನ್ನು ನೋಡಿಕೋ ಎಂದಿದ್ದಳು. ಹತ್ತು ವರ್ಷದ ಇವಳು ಹೊರಗಿನಿಂದ ಚಿಲಕ ಹಾಕಿ ಆಟಕ್ಕೆ ಓಡಿದ್ದಳು. ಸಂಜೆ ಬಂದು ಚಿಲಕ ತೆಗೆದು ತಳ್ಳಿದರೆ ಬಾಗಿಲು ತೆರೆಯಲಿಲ್ಲ. ತಂಗಿ ಅದರ ಹಿಂದೆಯೇ ಬಿದ್ದಿದ್ದಳು. 'ನಾನು ಪಕ್ಕದಲ್ಲೇ ಕೂತಿದ್ದೆ' ಎಂದು ಎಲ್ಲರಿಗೂ ಹೇಳಿದಳು. ಎಲ್ಲರೂ ನಂಬಿದರು.

"ಚಿಲಕ ಹಾಕಬೇಡ ಗುಬ್ಬಕ್ಕ" ಎಂದಿತು ಆ ದನಿ. ಮರುಕ್ಷಣವೇ ಅಜ್ಜಿ ತಮ್ಮದೇ ಒಡಕು ಗಂಟಲಿನಲ್ಲಿ, "ಅದೇ, ಲಿಫ್ಟು ಕೆಟ್ಟು ತಿಂಗಳಾಯ್ತು ನೋಡಮ್ಮ" ಎಂದು ಬಿಟ್ಟಲ್ಲಿಂದ ಮುಂದುವರಿಸಿದರು.

ಅವಳು ಒಂದಕ್ಷರ ಬಿಡದೆ ಬರೆದಳು. ಓದಿದ ಮೇಡಂ ಎದ್ದು ಹೋಗಿ ಸ್ಟಾಫ್ ರೂಮಿನ ಬಾಗಿಲು ಮುಚ್ಚಿ ಬಂದರು.

"ನಾನು ವಿದ್ಯಾರ್ಥಿಯಾಗಿದ್ದಾಗ ಆ ಅಜ್ಜಿ ತೀರಿಹೋದ ನಮ್ಮಪ್ಪನ ದನೀಲಿ ಮಾತಾಡಿದ್ರು. ಓಡಿ ಬಂದುಬಿಟ್ಟೆ. ಆಮೇಲೆ ನಾನು ಕಳಿಸಿದವರೆಲ್ಲ ನಾಲ್ಕನೇ ವಾರಕ್ಕೆ ಬೇರೆ ವಿಳಾಸ ಕೊಡಿ ಅಂದ್ರು."

"ಗೊತ್ತಿದ್ದೂ ಕಳಿಸ್ತೀರಾ ಮೇಡಂ?"

"ಕಳಿಸದೆ ಇದ್ರೆ ಅವರ ಬಾಗಿಲು ತಟ್ಟೋರು ಯಾರು? ನಿಮಗೆ ಬೇಡ ಅನ್ನಿಸಿದ್ರೆ ಬಿಟ್ಟುಬಿಡಿ. ಮಾರ್ಕ್ಸ್ ಕಡಿಮೆ ಮಾಡಲ್ಲ."

ವಾರವಿಡೀ ಅವಳಿಗೆ ಅನ್ನ ನೀರು ರುಚಿಸಲಿಲ್ಲ. ಹೆದರಿಕೆಗಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ಆಸೆ. ಆ ದನಿ ಇನ್ನೊಮ್ಮೆ ಕೇಳಬೇಕು. ಐದನೇ ವಾರ, ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಹೋಗಿ ಕೂತಳು.

ಅಜ್ಜಿಯ ಕತ್ತು ವಾಲಿತು. "ಗುಬ್ಬಕ್ಕ, ನೀರು."

ಅಡುಗೆಮನೆಗೆ ಹೋಗಿ ಲೋಟ ತುಂಬಿಸಿ ತಂದಳು. ಅದನ್ನು ಎರಡು ಕೈಯಲ್ಲಿ ಹಿಡಿದ ರೀತಿಯೂ ತಂಗಿಯದೇ. ಲೋಟ ತುಟಿಗೆ ತಾಕುವಾಗ, ಕಾಲೇಜಿನಲ್ಲಿ ಕಲಿತ ಯಾವ ಪ್ರಶ್ನೆಯೂ ಅಲ್ಲದ ಒಂದು ಪ್ರಶ್ನೆ ಅವಳ ಬಾಯಿಗೆ ಬಂತು.

"ಪುಟ್ಟೀ, ನೀನು ಇಲ್ಲಿರುವಾಗ ಅಜ್ಜಿ ಎಲ್ಲಿರ್ತಾರೆ?"

"ಬಾಗಿಲ ಹಿಂದೆ. ತಟ್ತಾನೇ ಇದ್ದಾಳೆ. ಅವಳಿಗೂ ಬಾಯಾರಿಕೆ."

ಕೋಣೆಯ ಬಾಗಿಲು ಹಾರುಹೊಡೆದಿತ್ತು. ಅದರ ಹಿಂದೆ ಬರೀ ಗೋಡೆ. ಆದರೂ ಎಲ್ಲಿಂದಲೋ, ಬಹಳ ದೂರದಿಂದ, ಮರವನ್ನು ಅಂಗೈಯಲ್ಲಿ ಬಡಿಯುವ ಸದ್ದು ಅವಳಿಗೆ ಕೇಳಿಸಿತು. ತಂಗಿಯನ್ನು ತಬ್ಬಿ ಕೂತುಬಿಡುವುದು ಎಷ್ಟು ಸುಲಭವಾಗಿತ್ತು!

"ನಾನು ಪಕ್ಕದಲ್ಲಿ ಇರಲಿಲ್ಲ ಕಣೇ. ಆಡೋಕೆ ಹೋಗಿದ್ದೆ. ಚಿಲಕ ಹಾಕಿದ್ದೂ ನಾನೇ."

"ಗೊತ್ತು" ಎಂದಿತು ದನಿ. ಅದರಲ್ಲಿ ಕೋಪವೂ ಇರಲಿಲ್ಲ, ಕರುಣೆಯೂ ಇರಲಿಲ್ಲ.

"ಇದು ಅಜ್ಜಿ ಲೋಟ ಪುಟ್ಟೀ. ನೀನು ಹೋಗು. ಅವರನ್ನ ಒಳಗೆ ಬಿಡು."

ಆ ಕಣ್ಣುಗಳು ಅವಳನ್ನು ಬಹಳ ಹೊತ್ತು ನೋಡಿದವು. ಬಡಿಯುವ ಸದ್ದು ನಿಂತಿತು. ಅಜ್ಜಿ ಗಟಗಟ ನೀರು ಕುಡಿದು, ಸೆರಗಿನಿಂದ ಬಾಯೊರೆಸಿಕೊಂಡರು. ಅವರ ಅಂಗೈಗಳು ಕೆಂಪಾಗಿ ಊದಿಕೊಂಡಿದ್ದವು.

"ನಾನು ಬಸ್ ಕಂಡಕ್ಟರ್ ಆಗಿದ್ದೆ, ಹೇಳಿದ್ನಾ?" ಎಂದರು. "ಯಾರೂ ಕೇಳಲೇ ಇಲ್ಲ."

ಉಳಿದ ಹೊತ್ತೆಲ್ಲ ಅವರು ಹೇಳಿದ್ದು ಆ ಬಸ್ಸಿನ ಕಥೆಯೇ. ಆಮೇಲೆ ಅವರ ಬಾಯಲ್ಲಿ ಬೇರೆ ಯಾರ ದನಿಯೂ ಬರಲಿಲ್ಲ. ಕೋರ್ಸ್ ಮುಗಿದು ಕೆಲಸ ಸಿಕ್ಕ ಮೇಲೂ ದೊಡ್ಡಕ್ಕ ವಾರಕ್ಕೊಮ್ಮೆ ಆ ಮೂರು ಮಹಡಿ ಹತ್ತುವುದನ್ನು ಬಿಡಲಿಲ್ಲ.

ಆ ಐದನೇ ವಾರದ ದಿನವೇ, ಬಸ್ ನಿಲ್ದಾಣದಲ್ಲಿ ನಿಂತು ಅವಳು ಅಮ್ಮನಿಗೆ ಫೋನ್ ಮಾಡಿ ಚಿಲಕದ ವಿಷಯ ಹೇಳಿದಳು. ಎರಡು ಬಸ್ಸು ಬಂದು ಹೋದವು.

"ಊಟ ಆಯ್ತಾ?" ಎಂದಳು ಅಮ್ಮ ಕೊನೆಗೆ.